ನೆತ್ತಿಯ ಮೇಲಿನ ಉತ್ತರೆ

ಮರುದಿನ ಶಾಲಾ ಮಕ್ಕಳಿಗೆ ಆಕಾಶ ತೋರಿಸಬೇಕಿತ್ತು. ದೂರದರ್ಶಕ ಸರಿಯಾಗಿದೆಯೇ ನೋಡೋಣವೆಂದು ಕುದಾಪುರದ ಹುಲ್ಲುಗಾವಲಿಗೆ ಬಂದು ಜೋಡಿಸುತ್ತಿದ್ದೆ. ಕತ್ತಲಾಗುತ್ತಿದ್ದಂತೆ ನಾಲ್ಕೈದು ಕುರಿಗಾಹಿಗಳು ಕೋಲು ಹಿಡಿದು ನನ್ನನ್ನು ಸುತ್ತುವರಿದರು. ಹಿಂದಿನ ವಾರವಷ್ಟೇ ಅವರ ಕುರಿಗಳು ಕಳುವಾಗಿದ್ದವಂತೆ.

“ದುರ್ಬೀನು ಹಾಕ್ಕೊಂಡು ನಮ್ಮ ಕುರಿ ಕೂಡೋ ರೊಪ್ಪ ನೋಡ್ತಿದೀಯೇನಲೇ?” ಎಂದು ಒಬ್ಬ ನನ್ನ ಬೈಕಿನ ಕೀ ಕಿತ್ತುಕೊಂಡ.

“ಇಲ್ಲಣ್ಣ, ನಕ್ಷತ್ರ ನೋಡೋಕೆ ಬಂದಿದೀನಿ.”

ಅವರಲ್ಲೆಲ್ಲ ಹಿರಿಯರಾದ ಓಬಜ್ಜ ಮುಂದೆ ಬಂದರು. “ಹಂಗಾರೆ ಈಗ ನೆತ್ತಿ ಮ್ಯಾಲೆ ಯಾವ ಚುಕ್ಕಿ ಐತೆ? ತಲೆ ಎತ್ತದೆ ಹೇಳು.”

ಊರುಗಳಿಗಿರುವಂತೆ ನಕ್ಷತ್ರಗಳಿಗೂ ಅಕ್ಷಾಂಶ, ರೇಖಾಂಶಗಳಿವೆ. ನಕ್ಷತ್ರದ ಅಕ್ಷಾಂಶ ನಾವು ನಿಂತ ಜಾಗದ್ದಕ್ಕೆ ಹೊಂದಿದರೆ ಅದು ನೆತ್ತಿಯ ಮೇಲೇ ಹಾಯುತ್ತದೆ. ಯಾವ ಹೊತ್ತಿಗೆ ಎಂಬುದನ್ನು ರೇಖಾಂಶ ಹೇಳುತ್ತದೆ. ಇಲ್ಲಿಯ ಅಕ್ಷಾಂಶ ಸುಮಾರು ಹದಿನಾಲ್ಕೂವರೆ ಡಿಗ್ರಿ. ಮೇ ತಿಂಗಳ ಕೊನೆ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

“ಉತ್ತರೆ ನಕ್ಷತ್ರ, ಅಜ್ಜಾ.”

ದೂರದರ್ಶಕದ ಗುಂಡಿಗಳಲ್ಲಿ ಆ ನಕ್ಷತ್ರದ ಅಂಕಿಗಳನ್ನು ಒತ್ತಿದೆ. ಮೋಟಾರು ಗೊರಗುಟ್ಟಿ ಕೊಳವೆ ನೆಟ್ಟಗೆ ಮೇಲಕ್ಕೆ ತಿರುಗಿತು. ಅಜ್ಜ ಬಗ್ಗಿ ಕಣ್ಣಿಟ್ಟರು.

“ಬರೇ ಕತ್ತಲೈತೆ.”

ಕೋಲುಗಳು ಮೇಲೆದ್ದವು. ಆಗ ನೆನಪಾಯಿತು, ಕೊಳವೆಯ ಮುಚ್ಚಳವನ್ನೇ ನಾನು ತೆಗೆದಿರಲಿಲ್ಲ! ತಟ್ಟನೆ ತೆಗೆದೆ.

ಅಜ್ಜ ಮತ್ತೆ ಬಗ್ಗಿದರು. ಆಮೇಲೆ ತಲೆ ಎತ್ತಿ ಬರಿಗಣ್ಣಿನಿಂದಲೂ ನೋಡಿದರು.

“ಉತ್ತರೇನೇ ಕಣ್ರೋ. ಅವನ ಕೀ ಕೊಡ್ರಲೇ.”

ಕೀ ಕೈಗೆ ಬಂತು, ಆದರೆ ಹೊರಡಲಾಗಲಿಲ್ಲ. ಅದನ್ನು ಕಿತ್ತುಕೊಂಡಿದ್ದವನೇ ಈಗ ದೂರದರ್ಶಕಕ್ಕೆ ಕಣ್ಣಿಟ್ಟು ಜಾಗ ಬಿಡಲೊಲ್ಲ.

ಈಗ ಎಲ್ಲಿಗೆ ಹೋದರೂ ಮೊದಲು ಪಕ್ಕದ ಹಟ್ಟಿಗೆ ಹೋಗಿ ನಾನು ಯಾರೆಂದು ಹೇಳಿ ಬರುತ್ತೇನೆ. ನಕ್ಷತ್ರದ ಲೆಕ್ಕವೆಲ್ಲ ಆಮೇಲೆ.