ಬಾದಾಮಿಯ ಬಸಿರು

ತೂಕ ಇಳಿಸಬೇಕೆಂದರೆ ಲೋಕವೆಲ್ಲ ‘ತಿನ್ನಬೇಡ’ ಎನ್ನುತ್ತದೆ. ‘ತಿನ್ನಿರಿ’ ಎಂದ ಒಬ್ಬರೇ ಒಬ್ಬ ಡಾಕ್ಟರರು ನನಗೆ ಉದಗೀರದಲ್ಲಿ ಸಿಕ್ಕರು. ಮೊಣಕಾಲು ನೋವೆಂದು ಹೋಗಿದ್ದೆ. ಅವರು ಮೊಣಕಾಲಿಗಿಂತ ಹೆಚ್ಚು ಹೊತ್ತು ಅದರ ಮೇಲಿದ್ದ ನನ್ನನ್ನೇ ನೋಡಿ, ಸಂಜೆಯ ಬಜ್ಜಿ ಬಿಡಿ, ಹಸಿವಾದಾಗ ನಾಲ್ಕು ಬಾದಾಮಿ, ಒಂದೆರಡು ಅಕ್ರೋಡ ಅಗಿಯಿರಿ ಎಂದರು. ಔಷಧವೇ ಇಷ್ಟು ರುಚಿಯಾಗಿದ್ದರೆ ರೋಗಿಯಾಗಲು ಯಾರಿಗೆ ಬೇಸರ? ಅಲ್ಲಿಂದ ನೇರ ಕಿರಾಣಿ ಅಂಗಡಿಗೆ ನಡೆದೆ. ಆಗ ಮೊಣಕಾಲು ಒಂದಿಷ್ಟೂ ನೋಯಲಿಲ್ಲ.

ನಮ್ಮ ಕಡೆ ಈ ತಿನಿಸುಗಳಿಗೂ ಒಂದು ಶಾಸ್ತ್ರವಿದೆ. ಶೇಂಗಾ ಯಾರು ಬೇಕಾದರೂ, ಯಾವಾಗ ಬೇಕಾದರೂ ತಿನ್ನಬಹುದು; ಅದು ಹೊಲದ್ದು. ಬಾದಾಮಿ ಕೊಳ್ಳಬೇಕಾದರೆ ಮಾತ್ರ ಕಾರಣ ಬೇಕು. ಮನೆಯಲ್ಲಿ ಮದುವೆಯಿರಬೇಕು, ಪರೀಕ್ಷೆಗೆ ಕೂತ ಮಗುವಿರಬೇಕು, ಇಲ್ಲವೇ ಬಸುರಿ-ಬಾಣಂತಿಯರಿರಬೇಕು. ದಪ್ಪಗಿದ್ದವಳು ತೆಳ್ಳಗಾಗಲು ಬಾದಾಮಿ ಕೊಳ್ಳುವುದು ಯಾವ ಶಾಸ್ತ್ರದಲ್ಲೂ ಇಲ್ಲ.

ಅಂಗಡಿಯವನು ರುಚಿ ನೋಡಲು ಒಂದು ಅಕ್ರೋಡ ಕೊಟ್ಟು, ಬಾದಾಮಿ ತೂಗುತ್ತ ಕೇಳಿದ: “ಬಸರಿಗೇನ್ರೀ, ಬಾಯಿ?”

ಅವನು ‘ಬಾಯಿ’ ಎಂದದ್ದು ಮರಾಠಿಯ ಮರ್ಯಾದೆಯಲ್ಲಿ; ನನ್ನ ಬಾಯಿಯೋ ತುಂಬಿತ್ತು, ಮನಸ್ಸೂ ಅಕ್ರೋಡದಲ್ಲೇ ಇತ್ತು. “ಹೂಂ” ಎಂದುಬಿಟ್ಟೆ. ಅವನು ನನ್ನ ಹೊಟ್ಟೆಯನ್ನು ಭಕ್ತಿಯಿಂದ ನೋಡಿ, ಬಾಣಂತಿಯ ಉಂಡಿಗೆ ಹಾಕುವ ಅಂಟಿನ ಪುಡಿಕೆಯನ್ನೂ ಜೊತೆಗಿಟ್ಟ. ನನ್ನ ಹಿಂದೆ ಪಕ್ಕದ ಮನೆಯ ಶೋಭಾ ವೈನಿ ನಿಂತಿದ್ದಳು ಎಂಬುದು ನನಗೆ ಆಮೇಲೆ ತಿಳಿಯಿತು.

ನನಗೆ ಐವತ್ತು ಹತ್ತಿರವಾಗಿದೆ. ಮಗಳು ಪಲ್ಲವಿಗೆ ಉಮರ್ಗಾದ ಕಡೆಯಿಂದ ಸಂಬಂಧ ಬಂದು ಮಾತುಕತೆ ನಡೆದಿತ್ತು. ಇಂಥ ಹೊತ್ತಿನಲ್ಲಿ ನಿಲಂಗಾದಿಂದ ನನ್ನ ಅಕ್ಕನ ಫೋನು ಬಂತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. “ಗೋಡ ಬಾತಮಿ ಅದಾ ಅಂತಲ್ಲ! ಖರೇ ಏನ?” ಮರಾಠಿಯಲ್ಲಿ ‘ಸಿಹಿ ಸುದ್ದಿ’ ಎಂದರೆ ಒಂದೇ ಅರ್ಥ. ನಾನು ಅಲ್ಲವೆಂದರೆ ನಾಚಿಕೆ ಎಂದುಕೊಂಡಳು. ಬಾದಾಮಿ ತಿನ್ನುತ್ತಿದ್ದೇನೆ ಎಂದರೆ, ಅದೇ ಸಾಕ್ಷಿ ಎಂದಳು.

ಅತ್ತೆಗೆ ಬಂದದ್ದು ಸಿಟ್ಟು. “ನಮ್ಮ ಮನ್ಯಾಗಿನ ಸುದ್ದಿ ನನಗ ಓಣ್ಯಾಗಿನವ್ರು ಹೇಳಬೇಕೇನ? ನಾ ಏನು ಬ್ಯಾಡ ಅಂತಿದ್ನಾ?” ಎಂದು ಮುಖ ತಿರುಗಿಸಿದವರು, ಸಂಜೆಗೆ ಮನಸ್ಸು ಕರಗಿ ಅಂಟಿನುಂಡಿ ಕಟ್ಟಲು ಕೂತರು. ನಾನು ಎಷ್ಟು ಬಿಡಿಸಿ ಹೇಳಿದರೂ, “ಮೊದಮೊದಲ ಎಲ್ಲಾರೂ ಹಂಗೇ ಅಂತಾರ” ಎಂದು ಬಾಯಿಗೆ ಉಂಡಿ ಇಟ್ಟರು. ತುಪ್ಪದ ಉಂಡಿ ಬಾಯಲ್ಲಿದ್ದಾಗ ಸತ್ಯ ಹೇಳುವುದು ಬಹಳ ಕಷ್ಟ.

ಒಂದೇ ಆಸರೆಯೆಂದು ಗಂಡನ ಕಡೆ ನೋಡಿದೆ. ಅವರು ತಾವು ಪಾಠ ಹೇಳುವ ಕಾಲೇಜಿನಲ್ಲಿ ಬಂದಬಂದವರ ಅಭಿನಂದನೆಯನ್ನೆಲ್ಲ ಸ್ವೀಕರಿಸಿ ಮನೆಗೆ ಬಂದಿದ್ದರು!

“ಜನ ಕೈ ಹಿಡದು ಕುಲುಕಿದ್ರು. ಪಲ್ಲವಿ ಲಗ್ನದ್ದು ಅನ್ಕೊಂಡು, ಎಲ್ಲಾ ದೇವರ ದಯಾ ಅಂದೆ,” ಎಂದರು.

“ಈ ವಯಸ್ಸಿನಾಗ ಹ್ಯಾಂಗ ಸಾಧ್ಯ ಆಯ್ತು ಅಂತ ಯಾರೂ ಕೇಳ್ಲಿಲ್ಲೇನ್ರೀ?”

“ಕೇಳಿದ್ರು. ಹಿರಿಯರ ಆಶೀರ್ವಾದ ಅಂದೆ.”

ಪಲ್ಲವಿ ಮಾತ್ರ ನಗಲಿಲ್ಲ. “ಅವ್ವಾ, ಉಮರ್ಗಾದವ್ರಿಗೆ ಗೊತ್ತಾದ್ರ ಏನ್ ಮಾಡೋದು?” ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹುಡುಗನನ್ನು ಆಕೆ ಮೆಚ್ಚಿದ್ದಳು. ಆ ರಾತ್ರಿ ನಾನು ಉಂಡಿಯ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ.

ಗೊತ್ತಾಗಿಯೇಬಿಟ್ಟಿತ್ತು. ಎರಡು ದಿನ ಕಳೆದು ಹುಡುಗನ ತಾಯಿ ಹೇಳದೆ ಕೇಳದೆ ಬಸ್ಸಿಳಿದು ಬಂದರು. ನಾನು ಪಡಸಾಲೆಯಲ್ಲಿ ಬಾದಾಮಿಯ ಬಟ್ಟಲು ಹಿಡಿದು ಕೂತಿದ್ದೆ. ಅಡಗಿಸಲು ಹೊತ್ತೂ ಇರಲಿಲ್ಲ, ಹೊಟ್ಟೆಯನ್ನಂತೂ ಅಡಗಿಸುವ ಮಾತೇ ಇಲ್ಲ. ನೀರು ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು, ಆಕೆ ಮೆಲ್ಲಗೆ ಕೇಳಿದರು: “ಎಷ್ಟನೇ ತಿಂಗಳದಾಗ ಅದೀರಿ, ವೈನಿ?”

ನನಗೆ ಅಳು ಬರುವುದರಲ್ಲಿತ್ತು. ಆದರೆ ಹೊರಗೆ ಬಂದದ್ದು ಬೇರೆಯೇ. “ಇದು ಇಪ್ಪತ್ತು ವರ್ಷದ್ದರೀ. ಬಜ್ಜಿದು.”

ಆಕೆ ಕೂತ ಮಂಚವೇ ಕಿರುಗುಟ್ಟುವಂತೆ ನಕ್ಕರು. ಆಗಲೇ ನಾನು ಗಮನಿಸಿದ್ದು, ಆಕೆಯೂ ಮಂಚದ ಮುಕ್ಕಾಲು ಭಾಗವನ್ನು ಆವರಿಸಿದ್ದರು.

“ನನಗೂ ಡಾಕ್ಟರ್ ಇದೇ ಹೇಳ್ಯಾರ. ಮಂದಿ ಏನಂತಾರೋ ಅಂತ ಅಂಜಿ ಕದ್ದು ತಿನ್ಲಾಕತ್ತೀನಿ ನೋಡ್ರಿ,” ಎಂದು ಆಕೆ ತಮ್ಮ ಪಿಶವಿ ಚೀಲದಿಂದ ಗೋಡಂಬಿಯ ಪೊಟ್ಟಣ ತೆಗೆದು ನನ್ನ ಬಟ್ಟಲಿಗೇ ಸುರಿದರು.

ಇಬ್ಬರೂ ಕೂತು ತಿಂದೆವು. ಹುಡುಗನ ಸ್ವಭಾವ, ಪಲ್ಲವಿಯ ಸಿಟ್ಟು, ಲಗ್ನದ ಅಡುಗೆ, ಎಲ್ಲವೂ ಅಲ್ಲೇ ಇತ್ಯರ್ಥವಾಯಿತು. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಪಲ್ಲವಿ ಕರೆಯದೆಯೇ ಚಹಾ ತಂದಳು. ಅತ್ತೆ ಅಂಟಿನುಂಡಿಯ ಡಬ್ಬಿ ತಂದಿಟ್ಟರು. ಬಸಿರು ಸುಳ್ಳೆಂದು ಅವರಿಗೆ ಒಂದಿಷ್ಟು ಬೇಸರವಾಗಿತ್ತು. ಉಂಡಿ ಖಾಲಿಯಾದುದನ್ನು ಕಂಡು ಸಮಾಧಾನವಾಯಿತು.

ಮುಂದಿನ ಸಲ ಡಾಕ್ಟರರ ತೂಕದ ಕಾಟಾ ಮೇಲೆ ನಿಂತಾಗ ಮುಳ್ಳು ಮೊದಲಿಗಿಂತ ಮುಂದೆ ಹೋಯಿತು. ಅವರು ಹುಬ್ಬು ಗಂಟಿಕ್ಕಿ, “ಎಷ್ಟು ತಿಂದಿರಿ?” ಎಂದು ಕೇಳಿದರು.

“ಬೀಗತಿ ಸಾಕು ಅನ್ನೋ ತನಕ ರೀ,” ಎಂದೆ.

ಹಸಿವಿಗೆ ಡಾಕ್ಟರರು ಅಳತೆ ಹೇಳಬಲ್ಲರು. ಹೊಸ ಬೀಗತಿಯರಲ್ಲಿ ಮೊದಲು ‘ಸಾಕು’ ಎನ್ನಬೇಕಾದವರು ಯಾರು ಎಂಬುದನ್ನು ಮಾತ್ರ ಯಾವ ವೈದ್ಯಶಾಸ್ತ್ರವೂ ಇನ್ನೂ ತೀರ್ಮಾನಿಸಿಲ್ಲ.