ನಾನೇ ತೋರಿಸಿದ ಗುರುತು

೨೦೦೧ರ ಬೇಸಿಗೆ. ವೃತ್ತಿಪರ ಟೆನಿಸ್ ಆಟಗಾರನಾಗಿ ಊರೂರು ಸುತ್ತಿ, ಬಲಮಂಡಿಯನ್ನು ಪೂರ್ತಿ ಸವೆಸಿಕೊಂಡು, ನಾನು ಕಾಪುವಿನ ಮನೆಗೆ ಮರಳಿದ್ದೆ. ಆಗ ನನಗೆ ಮೂವತ್ತೊಂಬತ್ತು. ನಾನು ಆಡಿದ್ದೆಲ್ಲ ಹೆಚ್ಚಾಗಿ ಕ್ಲೇ ಕೋರ್ಟ್‌ನಲ್ಲಿ, ಅಂದರೆ ಮಣ್ಣಿನ ಅಂಕಣದಲ್ಲಿ. ಸಿಮೆಂಟಿನ ಕೋರ್ಟ್‌ನಲ್ಲಿ ತೋಳು ಗಟ್ಟಿ ಇದ್ದವನು ಗೆಲ್ಲುತ್ತಾನೆ, ಮಣ್ಣಿನಲ್ಲಿ ತಲೆ ಇದ್ದವನು. ನನಗೆ ಎರಡೂ ಇತ್ತು. ಆದರೂ ಮಣ್ಣನ್ನೇ ಆರಿಸಿಕೊಂಡೆ, ಏಕೆಂದರೆ ಕಿತಾಪತಿಗೆ ಅಲ್ಲಿ ಅವಕಾಶ ಜಾಸ್ತಿ.

ಮಣ್ಣಿನ ಮೇಲೆ ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ಗೆರೆಯ ಒಳಗೋ ಹೊರಗೋ ಎಂದು ಜಗಳ ಬಂದರೆ ಅಂಪೈರ್ ತಮ್ಮ ಎತ್ತರದ ಕುರ್ಚಿಯಿಂದ ಇಳಿದು ಬಂದು, ಆ ಗುರುತು ನೋಡಿ ತೀರ್ಪು ಕೊಡಬೇಕು. ಆದರೆ ಕೋರ್ಟ್ ತುಂಬ ಗುರುತುಗಳಿರುವಾಗ ಸರಿಯಾದದ್ದು ಯಾವುದು? ನಾನು ತೋರಿಸಿದ್ದು! ಯಾವುದೋ ಹಳೆಯ ಗುರುತಿನ ಪಕ್ಕದಲ್ಲಿ ಗಂಭೀರವಾಗಿ ನಿಂತು, ರ‍್ಯಾಕೆಟ್ ತುದಿಯಿಂದ ಅದಕ್ಕೊಂದು ಸುತ್ತು ಎಳೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸುಳ್ಳುಸುಳ್ಳೇ ಕುಂಟುವುದರಲ್ಲೂ ಅಷ್ಟೆ. ಒಮ್ಮೆ ನನ್ನ ಕುಂಟು ನೋಡಲಾರದೆ ಎದುರಾಳಿಯ ತಾಯಿಯೇ ಬಿಸಿನೀರಿನ ಚೀಲ ತಂದುಕೊಟ್ಟಿದ್ದರು. ಅವರಿಗೆ ಕೈಮುಗಿದು, ಹೋಗಿ ಅವರ ಮಗನನ್ನು ಸೋಲಿಸಿದೆ.

ಆ ವರ್ಷ ಮಣಿಪಾಲದ ಒಂದು ಕ್ಲಬ್ಬಿನವರು ಕೆಂಪುಮಣ್ಣು ಹಾಸಿ, ಮೇಲೆ ಹಂಚಿನ ಪುಡಿ ಹರಡಿ, ಹೊಸ ಕ್ಲೇ ಕೋರ್ಟ್ ಮಾಡಿಸಿದ್ದರು. ಮಕ್ಕಳಿಗೆ ಕಲಿಸಲು ಕೋಚ್ ಬೇಕಾಗಿತ್ತು. ನನಗೆ ಆ ಕೆಲಸ ಬೇಕೇ ಬೇಕಾಗಿತ್ತು. ಅದು ತಪ್ಪಿದರೆ ಸಂತೆಕಟ್ಟೆಯಲ್ಲಿ ಭಾವನ ಹೋಟೆಲಿನ ಗಲ್ಲಾದ ಹಿಂದೆ ಕೂರುವುದೊಂದೇ ದಾರಿ. ಭಾವ ಕುರ್ಚಿಯನ್ನೂ ಒರೆಸಿ ಇಟ್ಟಿದ್ದರು.

ಕ್ಲಬ್ಬಿನ ಕಾರ್ಯದರ್ಶಿ ಶೆಣೈ ಡಾಕ್ಟ್ರು ಹಲ್ಲಿನ ವೈದ್ಯರು. ನೋವಾಗುವ ಜಾಗಕ್ಕೇ ನೇರವಾಗಿ ಕೈಹಾಕಿದರು.

“ನಿಮ್ಮ ಆಟ ನೋಡಿದ್ದೇನೆ, ಕಿತಾಪತಿಯನ್ನೂ ನೋಡಿದ್ದೇನೆ. ನಿಮ್ಮ ಕೈಯಲ್ಲಿ ಮಕ್ಕಳನ್ನು ಕೊಡುವುದು ಹೇಗೆ ಅಂತ ಕಮಿಟಿಯವರು ಕೇಳ್ತಾರೆ. ಉದ್ಘಾಟನೆಯ ಟೂರ್ನಮೆಂಟ್ ಉಂಟಲ್ಲ, ಅದನ್ನು ಗೆದ್ದು ತೋರಿಸಿ. ಗೆದ್ದವರನ್ನು ಬೇಡ ಅನ್ನಲಿಕ್ಕೆ ಯಾರಿಗೂ ಬಾಯಿ ಬರುವುದಿಲ್ಲ.”

ಫೈನಲ್‌ವರೆಗೆ ನಗುನಗುತ್ತ ಬಂದೆ. ಅಲ್ಲಿ ಎದುರಿಗೆ ನಿಂತವನು ಕಾರ್ಕಳದ ಪ್ರಸನ್ನ. ಇಪ್ಪತ್ತೊಂದರ ಹುಡುಗ. ಅವನ ಸರ್ವ್ ಬರುವಾಗ ಚೆಂಡು ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ನನ್ನ ಕಥೆಗಳನ್ನೆಲ್ಲ ಕೇಳಿಯೇ ಬೆಳೆದವನು. ಆಟಕ್ಕೆ ಮೊದಲು ಕೈಕುಲುಕುವಾಗಲೇ ಹೇಳಿದ:

“ಅಣ್ಣಾ, ನೀವು ಇವತ್ತು ಬೆಳಿಗ್ಗೆ ಆಗಿದೆ ಅಂದ್ರೂ ನಾನು ಗಡಿಯಾರ ನೋಡಿಯೇ ನಂಬುವುದು.”

ಅಂಪೈರ್ ಆಗಿದ್ದವರು ಕಲ್ಯಾಣಪುರದ ನಿವೃತ್ತ ಪಿ.ಟಿ. ಮೇಷ್ಟ್ರು ಡಿಸೋಜ. ಅವರದೂ ಒಂದು ಎಚ್ಚರಿಕೆ. “ನೀವು ಗುರುತು ತೋರಿಸುವುದು ಬೇಡ ಮಾರಾಯ್ರೇ. ನನಗೆ ಕಣ್ಣುಂಟು.”

ಮೊದಲ ಸೆಟ್ ನನ್ನದು, ಆರು–ನಾಲ್ಕು. ಅಷ್ಟರಲ್ಲಿ ಬಿಸಿಲು ಏರಿತು, ಗಾಳಿ ಬೀಸಿತು, ಕೋರ್ಟ್ ಒಣಗಿ ಕಲ್ಲಾಯಿತು. ಒಣಗಿದ ಮಣ್ಣಿನಲ್ಲಿ ಚೆಂಡು ಜಾರಿಕೊಂಡು ವೇಗವಾಗಿ ನುಗ್ಗುತ್ತದೆ. ಪ್ರಸನ್ನನಿಗೆ ಹಬ್ಬ. ಎರಡನೇ ಸೆಟ್ ಆರು–ಎರಡರಲ್ಲಿ ಹೋಯಿತು. ಮಂಡಿ ಉರಿಯುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಕೋರ್ಟ್ ಮೇಲೆ ನಿಜವಾಗಿ ಕುಂಟಿದೆ. ಪ್ರೇಕ್ಷಕರು ಚಪ್ಪಾಳೆ ತಟ್ಟಿ ನಕ್ಕರು.

ನನಗೆ ಬೇಕಾಗಿದ್ದದ್ದು ನೀರು, ಕುಡಿಯಲಿಕ್ಕಲ್ಲ, ಕೋರ್ಟಿಗೆ. ಒದ್ದೆ ಮಣ್ಣಿನಲ್ಲಿ ಚೆಂಡು ನಿಧಾನವಾಗುತ್ತದೆ. ಬಲೆ ದಾಟಿದ ಕೂಡಲೇ ಮೆತ್ತಗೆ ಬೀಳಿಸುವ ನನ್ನ ಡ್ರಾಪ್ ಶಾಟ್ ಅಲ್ಲೇ ಸತ್ತು ಮಲಗುತ್ತದೆ. ಸೆಟ್ ಮುಗಿದಾಗ ಯಾವ ಆಟಗಾರ ಕೇಳಿದರೂ ನೀರು ಹಾಕಬಹುದೆಂದು ಕ್ಲಬ್ಬಿನವರು ನಿಯಮ ಮಾಡಿದ್ದರು. ಆದರೆ ನಾನು ಕೇಳಿದರೆ ನನ್ನ ಮಂಡಿಯ ಕಥೆ ಹುಡುಗನಿಗೆ ತಿಳಿಯುತ್ತದೆ. ಅವನು ನನ್ನನ್ನು ಮೂಲೆಯಿಂದ ಮೂಲೆಗೆ ಓಡಿಸಿಯೇ ಮುಗಿಸುತ್ತಾನೆ.

ಕೋರ್ಟ್ ನೋಡಿಕೊಳ್ಳುತ್ತಿದ್ದ ಬಾಗಲಕೋಟೆ ಕಡೆಯ ಬಸಪ್ಪ ಪೈಪು ಹಿಡಿದು ಬಂದ. “ನೀರ ಹೊಡೀಲೇನ್ರೀ ಸರ?”

“ಬೇಡ ಬಸಪ್ಪಾ, ಬೇಡವೇ ಬೇಡ!” ಎಂದು ಆ ಕಡೆಯ ಬೆಂಚಿಗೆ ಕೇಳುವ ಹಾಗೆ ಕೂಗಿದೆ. “ಕೋರ್ಟ್ ಈಗ ಬೆಣ್ಣೆ ಹಾಗೆ ಉಂಟು!”

ಪ್ರಸನ್ನ ಬಾಟಲಿ ಕೆಳಗಿಟ್ಟ. “ಮಾಸ್ಟ್ರೇ, ನನಗೆ ನೀರು ಹಾಕಿಸಬೇಕು.”

“ನಿನ್ನ ದಮ್ಮಯ್ಯ ಮಾರಾಯ, ಹಾಗೆ ಮಾಡಬೇಡ!”

“ಬಸಪ್ಪಣ್ಣ, ಚೆನ್ನಾಗಿ ಹಾಕಿ. ಮೂಲೆಮೂಲೆಗೂ.”

ಬಸಪ್ಪ ಗದ್ದೆಗೆ ನೀರು ಬಿಟ್ಟ ಹಾಗೆ ಬಿಟ್ಟ. ನಾನು ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಕೂತೆ. ಅಳುತ್ತಿದ್ದೇನೆ ಎಂದು ಕೆಲವರು ತಿಳಿದರಂತೆ.

ಮೂರನೇ ಸೆಟ್‌ನಲ್ಲಿ ಆರು–ಐದು, ನಾನು ಮುಂದೆ. ಪ್ರಸನ್ನನ ಸರ್ವ್. ಈ ಗೇಮ್ ಅವನು ಗೆದ್ದರೆ ಆರು–ಆರು, ತೀರ್ಮಾನಕ್ಕೆ ಟೈಬ್ರೇಕ್ ಎಂಬ ಉದ್ದದ ಗೇಮ್ ಆಡಬೇಕು. ಅಷ್ಟು ಹೊತ್ತು ನನ್ನ ಮಂಡಿ ನಿಲ್ಲುವುದಿಲ್ಲ ಎಂದು ನನಗೊಬ್ಬನಿಗೇ ಗೊತ್ತಿತ್ತು. ಅಂಕ ಮೂವತ್ತು–ನಲವತ್ತಕ್ಕೆ ಬಂತು. ಇನ್ನೊಂದು ಪಾಯಿಂಟ್ ಸಿಕ್ಕಿದರೆ ಗೆಲುವು, ಕಪ್, ಕೆಲಸ.

ಅವನು ನನ್ನ ಎಡಮೂಲೆಗೆ ಬಲವಾಗಿ ಹೊಡೆದ. ಓಡಿದೆ, ಮುಟ್ಟಲಾಗಲಿಲ್ಲ. “ಔಟ್!” ಎಂದರು ಡಿಸೋಜ ಮೇಷ್ಟ್ರು. ಜನ ಎದ್ದು ನಿಂತರು. ಮೊದಲ ಸಾಲಿನಲ್ಲಿ ಶೆಣೈ ಡಾಕ್ಟ್ರು ಚಪ್ಪಾಳೆ ತಟ್ಟುತ್ತಿದ್ದರು.

ನಾನು ಕೆಳಗೆ ನೋಡಿದೆ. ಒದ್ದೆ ಮಣ್ಣಿನಲ್ಲಿ ಗುರುತು ಅಚ್ಚೊತ್ತಿದಷ್ಟು ಸ್ಪಷ್ಟ. ಅರ್ಧ ಮಣ್ಣಿನ ಮೇಲೆ, ಅರ್ಧ ಬಿಳಿ ಗೆರೆಯ ಮೇಲೆ. ಗೆರೆಗೆ ತಾಗಿದರೆ ಚೆಂಡು ಒಳಗೆ. ಶೂ ಚೂರು ಜಾರಿಸಿದರೆ ಗುರುತೇ ಇಲ್ಲ.

ತಲೆ ಎತ್ತಿದರೆ ಪ್ರಸನ್ನ ಕೈ ಚಾಚಿಕೊಂಡು ಬಲೆಯ ಹತ್ತಿರ ಬರುತ್ತಿದ್ದ. ಗುರುತು ನೋಡಿ ಎಂದು ಅವನು ಕೇಳಲೇ ಇಲ್ಲ. ಗುರುತಿನ ಪಕ್ಕದಲ್ಲಿ ನಾನು ನಿಂತಿರುವಾಗ ಕೇಳಿ ಏನು ಪ್ರಯೋಜನ ಎಂದುಕೊಂಡಿರಬೇಕು. ನನ್ನ ಕಿತಾಪತಿ ಏನಿದ್ದರೂ ಜಗಳಕ್ಕೆ ನಿಂತವರ ಜೊತೆ. ಇವನು ಜಗಳಕ್ಕೇ ಬರಲಿಲ್ಲ. ಅಂಥವನಿಗೆ ಮೋಸ ಮಾಡುವುದರಲ್ಲಿ ಏನು ಮಜಾ? ಭಾವನ ಗಲ್ಲಾ ಕಣ್ಣೆದುರು ಬಂತು. ಆದರೂ ಬಾಯಿ ಹೇಳಿಬಿಟ್ಟಿತು:

“ಮಾಸ್ಟ್ರೇ, ಬಾಲ್ ಒಳಗೆ.”

ಚಪ್ಪಾಳೆ ನಿಂತಿತು. “ತಮಾಷೆ ಸಾಕು,” ಎಂದರು ಮೇಷ್ಟ್ರು.

“ದೇವರಾಣೆ ಒಳಗೆ. ಬಂದು ನೋಡಿ.”

ಮೇಷ್ಟ್ರು ಇಳಿದು ಬಂದು, ನನ್ನನ್ನು ನಾಲ್ಕು ಹೆಜ್ಜೆ ದೂರ ನಿಲ್ಲಿಸಿ, ಸುತ್ತಲಿನ ಗುರುತುಗಳನ್ನೆಲ್ಲ ಬಗ್ಗಿ ಬಗ್ಗಿ ನೋಡಿದರು. ಕೊನೆಗೆ ನನ್ನ ಮುಖ ನೋಡುತ್ತಲೇ ಹೇಳಿದರು, “ಬಾಲ್ ಗುಡ್. ಡ್ಯೂಸ್.” ಅಂದರೆ ಪಾಯಿಂಟ್ ಅವನಿಗೆ, ಇಬ್ಬರೂ ಸಮ. ಇನ್ನು ಯಾರು ಸತತ ಎರಡು ಪಾಯಿಂಟ್ ಗೆಲ್ಲುತ್ತಾರೋ ಗೇಮ್ ಅವರದು.

ಪ್ರಸನ್ನ ಬಲೆಯ ಹತ್ತಿರವೇ ನಿಂತಿದ್ದ. “ಅಣ್ಣಾ, ಎಂತ ಪ್ಲಾನ್ ನಿಮ್ಮದು?”

“ಎಂತದೂ ಇಲ್ಲ ಮಾರಾಯ. ಚೆಂಡು ಒಳಗಿತ್ತು.”

“ಎಂತದೋ ಉಂಟು,” ಎಂದು ಗೊಣಗುತ್ತ ಹೋದ.

ಮುಂದಿನ ಸರ್ವ್ ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಅಡ್ವಾಂಟೇಜ್ ಅವನದು. ಇನ್ನೊಂದು ಪಾಯಿಂಟ್‌ಗೆ ಟೈಬ್ರೇಕ್. ಒಳಗೊಳಗೇ ನನ್ನನ್ನು ನಾನೇ ಬೈದುಕೊಂಡೆ. ಮಾಡಲಿಕ್ಕೆ ಏನೂ ಉಳಿದಿರಲಿಲ್ಲ, ಸುಮ್ಮನೆ ನಿಂತೆ.

ಅದೇ ಅವನಿಗೆ ತಡೆಯಲಾಗಲಿಲ್ಲ. ಚೆಂಡು ಪುಟಿಸುತ್ತಾನೆ, ನನ್ನ ಕಾಲು ನೋಡುತ್ತಾನೆ, ಹಿಂದೆ ನೋಡುತ್ತಾನೆ, ಮತ್ತೆ ಪುಟಿಸುತ್ತಾನೆ. ಮೊದಲ ಸರ್ವ್ ಬಲೆಗೆ, ಎರಡನೆಯದೂ ಬಲೆಗೆ. ಎರಡೂ ತಪ್ಪಿದರೆ ಪಾಯಿಂಟ್ ಎದುರಾಳಿಗೆ. ಮತ್ತೆ ಡ್ಯೂಸ್. ಆಮೇಲೆ ಹೆದರಿ ಮೆಲ್ಲಗೆ ಸರ್ವ್ ಮಾಡಿದ. ನಾನು ಡ್ರಾಪ್ ಶಾಟ್ ಇಟ್ಟೆ. ಅವನೇ ಹಾಕಿಸಿದ ನೀರಿನಲ್ಲಿ ಚೆಂಡು ಮಲಗಿತು.

ಮತ್ತೆ ಮ್ಯಾಚ್ ಪಾಯಿಂಟ್, ಇದೊಂದು ಸಿಕ್ಕಿದರೆ ಗೆಲುವು. ಕೋರ್ಟಿನ ಒಂದು ಬದಿಯನ್ನು ಪೂರ್ತಿ ಖಾಲಿ ಬಿಟ್ಟು, ಇನ್ನೊಂದು ಬದಿಗೇ ನಿಂತೆ. ಪ್ರಸನ್ನ ಕೈ ಎತ್ತಿ ಆಟ ನಿಲ್ಲಿಸಿದ. “ಅಲ್ಲೇ ಯಾಕೆ ನಿಂತಿದ್ದೀರಿ?”

“ಕಾಲು ನೋವು. ಆಚೆ ಹೋಗಲಿಕ್ಕೆ ಆಗುವುದಿಲ್ಲ.” ಅದೂ ನಿಜವೇ.

ಅವನು ನಕ್ಕ, ನಂಬಲಿಲ್ಲ. ನಾನು ಬೇಕೆಂದೇ ಬಿಟ್ಟ ಜಾಗ ಎಂದುಕೊಂಡು ಅತ್ತ ಹೊಡೆಯದೆ, ನೇರ ನನ್ನ ಕಡೆಗೇ ಸರ್ವ್ ಹೊಡೆದ. ಚೆಂಡು ಬಲೆಗೆ. ಎರಡನೆಯದು ಎಷ್ಟು ಉದ್ದ ಹೋಯಿತೆಂದರೆ ಗುರುತು ನೋಡುವ ಅಗತ್ಯವೇ ಬೀಳಲಿಲ್ಲ.

ಕಪ್ ಕೊಡುವಾಗ ಶೆಣೈ ಡಾಕ್ಟ್ರು ಕಿವಿಯಲ್ಲಿ ಕೇಳಿದರು. “ಮಕ್ಕಳಿಗೆ ಎಂತ ಕಲಿಸ್ತೀರಿ? ನೀರು ಹಾಕಿಸುವುದನ್ನಾ, ಗುರುತು ಹೇಳುವುದನ್ನಾ?”

“ಎರಡನ್ನೂ,” ಎಂದೆ. ಕೆಲಸ ಸಿಕ್ಕಿತು. ಭಾವ ಆ ಕುರ್ಚಿಗೆ ಬೇರೆಯವರನ್ನು ಹುಡುಕಿಕೊಂಡರು.

ಮುಂದೆ ಅಲ್ಲಿ ಕಲಿತ ಮಕ್ಕಳು ಚೆಂಡು ತಮ್ಮ ಕಡೆ ಒಳಗೆ ಬಿದ್ದರೆ ಅಂಪೈರ್ ಬಾಯಿ ತೆರೆಯುವ ಮೊದಲೇ “ಒಳಗೆ” ಎಂದು ಕೂಗುತ್ತಿದ್ದರು. ಒಳ್ಳೆಯವರಾಗಿ ಎಂದು ನಾನು ಬೋಧನೆ ಮಾಡಿರಲಿಲ್ಲ. ಎದುರಾಳಿಗೆ ನಿದ್ದೆ ಕೆಡಿಸಲು ಇದಕ್ಕಿಂತ ದೊಡ್ಡ ಕಿತಾಪತಿ ಇಲ್ಲ ಎಂದಷ್ಟೇ ಹೇಳಿಕೊಟ್ಟಿದ್ದೆ. ಅಷ್ಟು ವರ್ಷ ಸುಳ್ಳು ಗುರುತು ತೋರಿಸಿ ನಾನು ಗೆದ್ದದ್ದೆಲ್ಲ ಜನರಿಗೆ ಮರೆತುಹೋಗಿದೆ. ನೆನಪಿರುವುದು ನಿಜವಾದ ಆ ಒಂದೇ ಗುರುತು.

ಪ್ರಸನ್ನ ಈಗಲೂ ಸಿಕ್ಕಾಗ ಚಹಾ ಕುಡಿಸಿ ಕೇಳುತ್ತಾನೆ, “ಈಗಲಾದರೂ ಹೇಳಿ ಅಣ್ಣಾ, ಆ ದಿನ ಎಂತ ಪ್ಲಾನ್ ಇತ್ತು?”

“ಚೆಂಡು ಒಳಗಿತ್ತು ಮಾರಾಯ,” ಎನ್ನುತ್ತೇನೆ.

ಅವನು ಇನ್ನೊಂದು ಚಹಾ ಹೇಳುತ್ತಾನೆ.