ಜೇಬಿನಲ್ಲಿದ್ದ ಗಾಜಿನ ಚೂರು

ಜಯಮ್ಮನವರ ಮೈಮೇಲೆ ದೇವಿ ಬಂದು, ಹಿಟ್ಟಿನ ಮಿಲ್‌ನಲ್ಲಿದ್ದವರನ್ನೆಲ್ಲ ಆಚೆ ಅಟ್ಟಿ ಉಳಿಸಿದಳು ಎಂದು ಒಂಟಿಕೊಪ್ಪಲಿನಲ್ಲಿ ಈಗಲೂ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಎಷ್ಟು ಜನ ಅಲ್ಲಿದ್ದರು? ನಾನಿದ್ದೆ. ಯಾವ ದೇವಿಯೂ ಬರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವ, ಶಕುನ, ಜಾತಕಗಳ ವಿರುದ್ಧ ಮಾತಾಡಿ ಬಹುಮಾನ ಗೆದ್ದವನು ನಾನು. ಇವತ್ತಿಗೂ ಪಕ್ಷ ಬದಲಿಸಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೇ ಹೇಳಬೇಕಲ್ಲ.

ಮಿಲ್‌ನ ಪಕ್ಕದ ಸೈಟಿನಲ್ಲಿ ನೆಲಮಾಳಿಗೆಗಾಗಿ ಆಳವಾಗಿ ಅಗೆಯುತ್ತಿದ್ದೆವು. ಅಗೆದಷ್ಟೂ ಅಂಚಿನ ಕಾಂಕ್ರೀಟ್ ತಡೆಗೋಡೆ ಗುಂಡಿಯ ಕಡೆಗೆ ಬಾಗುತ್ತದೆ, ಅದರ ಹಿಂದಿನ ನೆಲ ಇಳಿಯುತ್ತದೆ. ಎಷ್ಟು ಬಾಗೀತು, ಎಷ್ಟು ಇಳಿದೀತು ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಮಿಲ್‌ನ ಗೋಡೆಯಲ್ಲಿದ್ದ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿಯನ್ನೂ ಅಂಟಿಸಿದ್ದೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಹಳೇ ಪದ್ಧತಿ, ಆದರೆ ಸುಳ್ಳು ಹೇಳುವುದಿಲ್ಲ. ಯಾರೂ ಬದಲಿಸದಿರಲೆಂದು ಗಾಜಿನ ಮೇಲೆ ಮಾರ್ಕರ್‌ನಿಂದ ನನ್ನ ಸಹಿ ಹಾಕಿದ್ದೆ.

ಒಂದು ಮಧ್ಯಾಹ್ನ ಮಿಲ್‌ನ ಒಡತಿ ಜಯಮ್ಮನವರು ಸೈಟಿಗೇ ಬಂದರು. ಕೈಯೆಲ್ಲ ರಾಗಿಹಿಟ್ಟು.

"ನಿನ್ ಗಾಜು ಒಡ್ದೋಯ್ತು ಕಣಪ್ಪ, ತಗೋ" ಎಂದು ಹಿಟ್ಟು ಮೆತ್ತಿದ್ದ ಒಂದು ಚೂರನ್ನು ಅಂಗೈಗೆ ಹಾಕಿದರು. ಅದನ್ನು ಜೇಬಿಗೆ ಹಾಕಿಕೊಂಡು ಓಡಿದೆ.

ಗಾಜು ಒಡೆದಿರಲಿಲ್ಲ. ಅಂಚಿನುದ್ದಕ್ಕೂ ಬೆರಳಾಡಿಸಿದೆ. ಸಹಿ ಪೂರ್ತಿ ಇತ್ತು.

"ಇಲ್ನೋಡಿ ಜಯಮ್ಮನೋರೇ, ನೆಟ್ಟಗಿದೆ. ಯಾವ್ದೋ ಬಾಟಲ್ ಚೂರು ತಂದಿದ್ದೀರಿ."

"ನನ್ ಕಾಲ್ ಹತ್ರಾನೇ ಬಿತ್ತು ಕಣೋ. ಟಣ್ ಅಂತ ಸದ್ದೂ ಕೇಳ್ದೆ."

"ಬೆಳಿಗ್ಗೆ ತಾನೇ ತಡೆಗೋಡೆ ಅಳ್ದಿದ್ದೀನಿ. ನನ್ ಲೆಕ್ಕದೊಳಗೇ ಇದೆ. ಧೈರ್ಯವಾಗಿ ಮಿಲ್ ನಡೆಸಿ."

"ನಿನ್ ಲೆಕ್ಕ ನೀನೇ ಬೀಸ್ಕೋ!" ಎಂದವರೇ ಮಿಷನ್ ನಿಲ್ಲಿಸಿದರು. ಆ ಗೋಡೆಗೊರಗಿ ಬೆಂಚಿನ ಮೇಲೆ ಡಬ್ಬ ಹಿಡಿದು ಕೂತಿದ್ದ ಹೆಂಗಸರು ಗೊಣಗಿದರು. "ಹಿಟ್ಟು ಎಲ್ಲೂ ಓಡೋಗಲ್ಲ, ಎದ್ದೇಳ್ರೀ ಮೊದ್ಲು!" ಎಂದು ಜಯಮ್ಮನವರು ಎಲ್ಲರನ್ನೂ ಹೊರಡಿಸಿದರು. ಕೊನೆಗೆ ನನ್ನ ತೋಳಿಗೂ ಕೈ ಹಾಕಿ ಎಳೆದರು.

ಬೀದಿಯಲ್ಲಿ ನಿಂತು ನಾನಿನ್ನೂ ವಾದಿಸುತ್ತಿದ್ದೆ. ಒಳಗೆ ಟಣ್ಣೆಂದಿತು. ನಾನು ತಿರುಗುವಷ್ಟರಲ್ಲಿ ಗೋಡೆ, ಮೇಲಿನ ಶೀಟುಗಳ ಸಮೇತ, ಖಾಲಿ ಬೆಂಚಿನ ಮೇಲೆ ಮಗುಚಿತು. ಯಾರಿಗೂ ಏಟಾಗಲಿಲ್ಲ.

ಕುಸಿತಕ್ಕೆ ಕಾರಣ ಆಮೇಲೆ ಸಿಕ್ಕಿತು. ತಡೆಗೋಡೆಯ ಹಿಂದೆ ಹೂತುಹೋಗಿದ್ದ ಹಳೇ ಪೈಪೊಂದು ಸೋರಿ ಮಣ್ಣು ಕೆಸರಾಗಿತ್ತು. ಆ ನೀರು ನನ್ನ ಲೆಕ್ಕದಲ್ಲಿರಲಿಲ್ಲ. ದೇವಿಯ ಕತೆಗೆ ಇಷ್ಟು ಉತ್ತರ ಸಾಕು.

ಆದರೆ ಇಟ್ಟಿಗೆಗಳ ನಡುವೆ, ಗಾರೆಯ ತುಂಡಿಗೆ ಅಂಟಿಕೊಂಡೇ ಇದ್ದ ಅರ್ಧ ಗಾಜು ಸಿಕ್ಕಿತು. ಒಡೆದ ಅಂಚಿನಲ್ಲಿ ಒಂದು ಚೂರು ಇರಲಿಲ್ಲ. ಜೇಬಿನದನ್ನು ತೆಗೆದು ಹಿಟ್ಟು ಒರೆಸಿದೆ. ಅದರ ಮೇಲೆ ನನ್ನ ಸಹಿಯ ಬಾಲವಿತ್ತು. ಇಟ್ಟು ನೋಡಿದೆ, ಕೂತುಕೊಂಡಿತು.

ಕಣ್ಣು ಮೋಸ ಮಾಡಿರಬಹುದು ಎನ್ನುತ್ತೀರಾ? ಬೆರಳೂ ಮಾಡಿತೇ? ಬೇರೆ ಗಾಜಿರಬಹುದೇ? ಒಂದೇ ಗೆರೆ ಚೂರಿನಿಂದ ಪಟ್ಟಿಗೆ ಮುಂದುವರಿಯುತ್ತದೆ. ನನ್ನ ವಿರುದ್ಧ ನಾನೇ ಹೂಡಿದ ವಾದ ಒಂದೂ ನಿಂತಿಲ್ಲ.

ಜಯಮ್ಮನವರು ಈಗ ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಮಿಲ್ ಇಟ್ಟಿದ್ದಾರೆ. ಮೊನ್ನೆ ಆ ಚೂರನ್ನು ಅವರ ತಕ್ಕಡಿಯ ತಟ್ಟೆಯಲ್ಲಿಟ್ಟು ಕೇಳಿದೆ:

"ಅಮ್ಮಾ, ಗಾಜು ಇನ್ನೂ ಒಡೆದೇ ಇರ್ಲಿಲ್ವಲ್ಲ, ಇದನ್ನ ಎಲ್ಲಿಂದ ಹೆಕ್ಕಿದ್ರಿ?"